ಮರುಭೂಮಿ ಬಿಟ್ಟು ಮುಸುಕಿನ ಬಾವಿಗೆ...

ಡಿಸೆಂಬರ್ ಬಂತೆಂದರೆ ನಮ್ಮ ಗೆಳೆಯರ ಗುಂಪಿಗೆ ರಾಜಸ್ಥಾನದ ಜ್ವರ ಬರುತ್ತದೆ. ಜೋಧಪುರ, ಬಿಕಾನೇರ್, ಜೈಸಲ್ಮೇರ್ ಅಂತ ಮೂರು ವರ್ಷದಿಂದ ಪ್ಲಾನ್ ಮಾಡುತ್ತಲೇ ಇದ್ದೇವೆ. ಒಬ್ಬನಿಗೆ ರಜೆ ಸಿಕ್ಕರೆ ಇನ್ನೊಬ್ಬನಿಗೆ ರಿಲೀಸ್ ಇರುತ್ತದೆ. ಕಳೆದ ಡಿಸೆಂಬರ್‌ನಲ್ಲಿ ಕೊನೆಗೂ ನಾಲ್ವರಿಗೂ ಒಟ್ಟಿಗೆ ರಜೆ ಸಿಕ್ಕಿತು, ಆದರೆ ಸಿಕ್ಕಿದ್ದು ನಾಲ್ಕೇ ದಿನ. ಅಷ್ಟರಲ್ಲಿ ಥಾರ್ ನೋಡಿ ಬರುವುದು ಆಗದ ಮಾತು. "ಒಣ ನೆಲ, ಹಳೇ ಊರು, ಚಳಿಗಾಲದ ಬಿಸಿಲು, ಇಷ್ಟೇ ತಾನೆ ಬೇಕಾಗಿರೋದು? ನಮ್ಮೂರಿಗೆ ಬರ್ರಿ" ಅಂದೆ ನಾನು. ನಮ್ಮೂರು ಅಂದರೆ ಗದಗ ತಾಲ್ಲೂಕಿನ ಹಿರೇಹಂದಿಗೋಳ. "ಅಲ್ಲಿ ಎಂತ ಇತ್ತ್ ಮಾರಾಯಾ, ಬಿಸಿಲ್ ಬಿಟ್ರೆ?" ಅಂದ ಕುಂದಾಪುರದ ಗೆಳೆಯ.

ಅವನ ಪ್ರಶ್ನೆಯಲ್ಲಿ ತಪ್ಪೇನಿಲ್ಲ ಬಿಡಿ. ನಮ್ಮ ಜಿಲ್ಲೆ ಮರುಭೂಮಿ ಅಲ್ಲ, ಆದರೆ ಮಳೆನೆರಳಿನ ನಾಡು. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳುವುದಿಲ್ಲ. ನಮ್ಮಲ್ಲಿ ಸುಮಾರು 600 ಮಿ.ಮೀ. ಬೀಳುತ್ತದೆ. ಅವನ ಕುಂದಾಪುರದಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದಕ್ಕಿಂತ ಹೆಚ್ಚು ಸುರಿದುಹೋಗುತ್ತದೆ! ಇಂಥ ನೆಲದಲ್ಲಿ ಸಾವಿರ ವರ್ಷದ ಹಿಂದೆ ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ, ಗದಗ ಅಂತ ಒಂದರ ಪಕ್ಕ ಒಂದು ಪಟ್ಟಣಗಳು ಹೇಗೆ ಎದ್ದು ನಿಂತವು? ಟಂಕಸಾಲೆ, ವಿಹಾರ, ಬಸದಿ, ದೇವಸ್ಥಾನ ಕಟ್ಟಿಸುವಷ್ಟು ದುಡ್ಡು ಎಲ್ಲಿಂದ ಬಂತು? ಅದಕ್ಕೂ ಮೊದಲು, ಕುಡಿಯೋಕೆ ನೀರು ಎಲ್ಲಿಂದ ಬಂತು? ಚಿಕ್ಕಂದಿನಿಂದ ಈ ಊರುಗಳ ಮೇಲೆ ಬಸ್ಸಿನಲ್ಲಿ ಓಡಾಡಿದ್ದರೂ ಈ ಪ್ರಶ್ನೆ ಕೇಳಿಕೊಂಡದ್ದು ಈ ಸಲವೇ. ಹಾಗಾಗಿ ಇದು ಪ್ರವಾಸ ಕಥನಕ್ಕಿಂತ ಹೆಚ್ಚಾಗಿ ಆ ಪ್ರಶ್ನೆಗೆ ದಾರಿಯಲ್ಲಿ ಸಿಕ್ಕ ಉತ್ತರಗಳ ಲೆಕ್ಕ.

ಚಳಿಗಾಲದಲ್ಲಿ ನಮ್ಮ ಕಡೆ ಬಂದವರು ಮೊದಲು ಮೋಸ ಹೋಗುವುದು ಬಣ್ಣ ನೋಡಿ. ಮಳೆ ನಿಂತು ಎರಡು ತಿಂಗಳಾಗಿರುತ್ತದೆ, ಆದರೂ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಹಸಿರಾಗಿ ನಿಂತಿರುತ್ತವೆ. ಇದು ಎರೆ ಮಣ್ಣಿನ ಮಹಿಮೆ. ನೀರು ಬಿದ್ದಾಗ ಈ ಕರಿ ಮಣ್ಣು ಉಬ್ಬಿ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಆ ತೇವದ ಮೇಲೇ ಬೆಳೆ ಬರುತ್ತದೆ. ಬೇಸಿಗೆಯಲ್ಲಿ ಇದೇ ನೆಲ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಆದರೆ ಬೆಳೆ ಕೊಡುವ ಈ ಮಣ್ಣು ಕುಡಿಯುವ ನೀರನ್ನು ಸುಲಭವಾಗಿ ಕೊಡುವುದಿಲ್ಲ. ಎರೆನಾಡಿನ ಎಷ್ಟೋ ಊರುಗಳಲ್ಲಿ ಬಾವಿ ತೋಡಿದರೆ ಸವಳು ನೀರು. ಅದಕ್ಕೇ ಇಲ್ಲಿ ಬೇಸಾಯಕ್ಕಿಂತ ಹೆಚ್ಚಾಗಿ ಕುಡಿಯುವ ನೀರಿನ ಚಿಂತೆ ಊರನ್ನು ಊರಾಗಿಸಿತು ಅನ್ನಿಸುತ್ತದೆ.

ಮೊದಲ ದಿನ ಲಕ್ಕುಂಡಿ. ಗದಗಿನಿಂದ 12 ಕಿ.ಮೀ. ಹಳೆಯ ಹೆಸರು ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆ ಇತ್ತು, ಇಲ್ಲಿಯ ಚಿನ್ನದ ಗದ್ಯಾಣಕ್ಕೆ 'ಲೊಕ್ಕಿ ಗದ್ಯಾಣ' ಅಂತಲೇ ಹೆಸರು. ಅತ್ತಿಮಬ್ಬೆ 1007ರಲ್ಲಿ ಇಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದಳು. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದ ದಾನಚಿಂತಾಮಣಿ ಇವಳೇ. 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಇಲ್ಲೇ ಹತ್ತಿರದ ಸೊರಟೂರಿನಲ್ಲಿ ಸೇವುಣರ ಭಿಲ್ಲಮನನ್ನು ಸೋಲಿಸಿ ಕೆಲಕಾಲ ಲೊಕ್ಕಿಗುಂಡಿಯಲ್ಲಿ ಬೀಡು ಬಿಟ್ಟ. ದ್ವಾರಸಮುದ್ರದ ದೊರೆ ಬಂದು ಕೂರುವಷ್ಟು ಬೆಲೆ ಈ ಊರಿಗಿತ್ತು.

ಲಕ್ಕುಂಡಿಯಲ್ಲಿ 101 ಗುಡಿ, 101 ಬಾವಿ ಅಂತ ಊರವರ ಮಾತು. ಗುಡಿಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ನನಗೆ ಈ ಸಲ ಹಿಡಿಸಿದ್ದು ಮಾತಿನ ಇನ್ನರ್ಧ. ಗುಡಿಗೊಂದು ಬಾವಿ! ಚಟೇರ ಬಾವಿ, ಕನ್ನೆ ಬಾವಿ, ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ. ಮುಸುಕಿನ ಬಾವಿಯನ್ನು ಬಾವಿ ಅನ್ನುವುದೇ ಕಷ್ಟ. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಕಲ್ಲಿನ ಕಟ್ಟಡ, ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಯಂಥ ಗೂಡುಗಳು. ಗುಡಿಗೆ ಎಷ್ಟು ಕೆತ್ತನೆಯ ಮುತುವರ್ಜಿ ಇದೆಯೋ ನೀರಿಗೂ ಅಷ್ಟೇ ಇದೆ. ಮೈಸೂರಿನ ಗೆಳೆಯ ಅರ್ಧ ತಾಸು ಮೆಟ್ಟಿಲ ಮೇಲೆ ಕೂತ. ನಾನು ಯೋಚಿಸುತ್ತಿದ್ದದ್ದು ಮೆಟ್ಟಿಲುಗಳ ಬಗ್ಗೆ. ಹಗ್ಗ-ಕೊಡದ ಬಾವಿಗೆ ಒಂದು ಸಲಕ್ಕೆ ಒಬ್ಬರು ಸಾಕು. ಮೆಟ್ಟಿಲ ಬಾವಿ ಹತ್ತಾರು ಜನ ಒಟ್ಟಿಗೆ ಇಳಿಯಲಿ ಅಂತಲೇ ಕಟ್ಟಿದ್ದು. ನೀರು ಎಷ್ಟು ಕೆಳಗೆ ಹೋದರೂ ಮೆಟ್ಟಿಲು ಅದರ ಹಿಂದೆಯೇ ಹೋಗುತ್ತದೆ. ನೀರಿನ ಮಟ್ಟ ಇಳಿದದ್ದು ಊರಿನ ಎಲ್ಲರ ಕಣ್ಣಿಗೂ ಕಾಣುತ್ತದೆ. ಬೋರ್‌ವೆಲ್‌ನಲ್ಲಿ ಇದು ಕಾಣುವುದಿಲ್ಲ, ಮೋಟರ್ ಗಾಳಿ ಎಳೆಯಲು ಶುರು ಮಾಡಿದ ದಿನವೇ ಗೊತ್ತಾಗುವುದು.

ಅಲ್ಲಿಂದ ಡಂಬಳ. ಎಂಜಿನಿಯರ್ ಆದವನು ಡಂಬಳದ ದೊಡ್ಡಬಸಪ್ಪನ ಗುಡಿ ನೋಡದೇ ಸಾಯಬಾರದು! ಒಂದು ಚೌಕವನ್ನು ಒಂದೇ ಕೇಂದ್ರದ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತಾ ಹೋದರೆ ಸಿಗುವ 24 ಮೂಲೆಗಳ ನಕ್ಷತ್ರ, ಆ ಗುಡಿಯ ತಳಪಾಯ. ಅದೇ ನಕ್ಷತ್ರ ಶಿಖರದವರೆಗೂ ಏರುತ್ತದೆ. ನಾವು ನಾಲ್ಕು ಸಾಲಿನ ಲೂಪ್‌ನಲ್ಲಿ ಸ್ಕ್ರೀನ್ ಮೇಲೆ ಬಿಡಿಸುವುದನ್ನು ಅವರು 12ನೇ ಶತಮಾನದಲ್ಲಿ ಹಗ್ಗ ಮತ್ತು ಗೂಟದಿಂದ ಕಲ್ಲಿನಲ್ಲಿ ಬಿಡಿಸಿದ್ದಾರೆ, ಅದೂ 'ಅನ್‌ಡು' ಬಟನ್ ಇಲ್ಲದೆ :-)

ಆದರೆ ನಾನು ಡಂಬಳಕ್ಕೆ ಗೆಳೆಯರನ್ನು ಎಳೆದುಕೊಂಡು ಹೋದದ್ದು ಒಂದು ಶಾಸನದ ಕಥೆ ಹೇಳುವುದಕ್ಕೆ. ಆರನೇ ವಿಕ್ರಮಾದಿತ್ಯನ ಕಾಲದ, 1095ರ ಶಾಸನ ಅದು. ಆಗ ಡಂಬಳಕ್ಕೆ ಧರ್ಮವೊಳಲ್ ಅಂತ ಹೆಸರು. ಊರಿನ 16 ಜನ ಸೆಟ್ಟಿಗಳು ಸೇರಿ ಇಲ್ಲೊಂದು ಬೌದ್ಧ ವಿಹಾರ ಕಟ್ಟಿಸಿದ್ದರು. ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ ಅಲ್ಲಿ ಆರ್ಯತಾರಾದೇವಿಯ ವಿಹಾರ ಕಟ್ಟಿಸಿದ್ದ. ಈ ಎರಡಕ್ಕೂ ದತ್ತಿ ಬಿಟ್ಟದ್ದನ್ನು ಆ ಕಲ್ಲು ಹೇಳುತ್ತದೆ. ಹನ್ನೊಂದನೇ ಶತಮಾನದ ಕೊನೆಯಲ್ಲಿ, ಗದಗಿನ ಪಕ್ಕದಲ್ಲಿ, ಬೌದ್ಧ ಭಿಕ್ಷುಗಳು! ತಾರೆ ದಾರಿಯ ಭಯ ಕಳೆಯುವ ದೇವಿ, ದೂರ ಹೋಗುವ ವ್ಯಾಪಾರಿಗಳಿಗೆ ಬೇಕಾದವಳು. ವಿಹಾರ ಇಂದು ನಿಂತಿಲ್ಲ, ಕಟ್ಟಿಸಿದವರ ಲೆಕ್ಕ ಮಾತ್ರ ಕಲ್ಲಿನಲ್ಲಿ ನಿಂತಿದೆ. ಗಮನಿಸಿ, ಕಟ್ಟಿಸಿದ್ದು ರಾಜ ಅಲ್ಲ, 16 ಜನ ಸೇರಿ. ಈ ಕಡೆಯ ಶಾಸನಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಇಷ್ಟು ಸೆಟ್ಟಿಗಳು, ಇಷ್ಟು ಮಹಾಜನರು, ಐನೂರ್ವರು ಸ್ವಾಮಿಗಳು... ಯಾರೂ ಒಬ್ಬರೇ ಇಲ್ಲ.

ಡಂಬಳದಿಂದ ಮುಂಡರಗಿಗೆ ಹೋಗುವಾಗ ಬಲಗಡೆ ಕಪ್ಪತಗುಡ್ಡ ಜೊತೆಗೇ ಬರುತ್ತದೆ. 2019ರಲ್ಲಿ ಇದು ವನ್ಯಜೀವಿಧಾಮ ಆಯಿತು. ಮುಂಡರಗಿ ಅಂದರೆ 1858ರ ಭೀಮರಾಯ. ಹಮ್ಮಿಗಿಯ ಕೆಂಚನಗೌಡನ ಜೊತೆ ಸೇರಿ ಡಂಬಳದ ಖಜಾನೆ ದೋಚಿ, ಕೊಪ್ಪಳದ ಕೋಟೆ ಹಿಡಿದು, ಜೂನ್ 1ರಂದು ಇಬ್ಬರೂ ಅಲ್ಲೇ ಸತ್ತರು. ಅದೇ ಹಮ್ಮಿಗಿಯ ಹತ್ತಿರ ಈಗ ತುಂಗಭದ್ರೆಗೆ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇದೆ. ನಾವು ಅಲ್ಲಿಗೆ ಮುಟ್ಟಿದಾಗ ಸಂಜೆ. ಇಡೀ ದಿನ ಒಣ ನೆಲ ನೋಡಿದ ಕಣ್ಣಿಗೆ ಅಷ್ಟು ನೀರು ಒಮ್ಮೆಲೇ ಕಂಡಾಗ ಕುಂದಾಪುರದವನೂ ಸುಮ್ಮನಾದ.

ರಾತ್ರಿ ಹಿರೇಹಂದಿಗೋಳ, ದೊಡ್ಡಪ್ಪನ ಮನೆ. ದೊಡ್ಡವ್ವ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಡಿಸುತ್ತಾ "ಉಣ್ರೆಪಾ, ನಾಚ್ಕೋಬ್ಯಾಡ್ರಿ" ಅನ್ನುತ್ತಿದ್ದಳು. "ಬೆಳಗೊಳದಲ್ಲಿ ಕೊಳ ಇದ್ದ ಹಾಗೆ ನಿಮ್ಮ ಹಂದಿಗೋಳದಲ್ಲೂ ಕೊಳ ಇದೆಯಾ?" ಅಂತ ಮೈಸೂರಿನವನು ಕೇಳಿದ. ದೊಡ್ಡಪ್ಪ ನಕ್ಕು, "ಕೊಳ ಇದ್ರ ನಾವ್ ಯಾಕ್ರಿ ಬೋರ್ ಹೊಡಸ್ತಿದ್ವಿ" ಅಂದ. ನಗು ಅಲ್ಲಿಗೇ ನಿಂತಿತು. ಎರಡು ಬೋರ್ ಹೊಡೆಸಿದ್ದಾಗಿದೆ. ಒಂದರಲ್ಲಿ ಧೂಳು ಬಂತು, ಇನ್ನೊಂದು ಮೂರು ವರ್ಷ ನಡೆದು ನಿಂತಿತು. ಮೂರನೆಯದಕ್ಕೆ ಸಾಲ ತೆಗೆಯಬೇಕೋ, ಅಥವಾ ಬದುವಿನ ಆಚೆಯ ಹೊಲದವರ ಜೊತೆ ಸೇರಿ ಒಂದು ದೊಡ್ಡ ಕೃಷಿ ಹೊಂಡ ತೋಡಬೇಕೋ ಅನ್ನುವುದು ಮನೆಯಲ್ಲಿ ಆರು ತಿಂಗಳಿಂದ ನಡೆದಿರುವ ಚರ್ಚೆ. ಅಣ್ಣನಿಗೆ ಬೋರ್ ಬೇಕು. ಆಚೆ ಹೊಲದವರ ಜೊತೆ ಬದುವಿನ ವಿಷಯಕ್ಕೆ ಹಳೇ ಜಗಳ ಇದೆ, ಅವರ ಜೊತೆ ನೀರಿನ ಪಾಲು ಹೇಗೆ ಅಂತ ಅವನ ವಾದ. ದೊಡ್ಡಪ್ಪ ಹೇಳಿದ್ದು ಒಂದೇ ಮಾತು: "ಕೆರಿ ಎಲ್ಲಾರದಪಾ, ಬೋರ್ ಒಬ್ಬಂದು."

ಎರಡನೇ ದಿನ ಲಕ್ಷ್ಮೇಶ್ವರದ ರಸ್ತೆ. ದಾರಿಯಲ್ಲಿ ಮಾಗಡಿ ಕೆರೆ. ಜನ ನೀರಾವರಿಗೆ ಅಂತ ಕಟ್ಟಿಕೊಂಡ ಕೆರೆ ಇದು. ಚಳಿಗಾಲದಲ್ಲಿ ಇಲ್ಲಿಗೆ ಹಿಮಾಲಯ ದಾಟಿ ಮಧ್ಯ ಏಷ್ಯಾದ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಹೊತ್ತು ಮುಳುಗಿದ ಮೇಲೆ ಹೊಲಗಳಲ್ಲಿ ಮೇವು. 2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತೇ ಕಾಪಾಡಬೇಕಾದ ಜೌಗು ಪ್ರದೇಶ ಅಂತ ಗುರುತು. ಮಂಗೋಲಿಯಾದ ಹಕ್ಕಿಗೂ ಗೊತ್ತಿರುವ ಊರು ನಮ್ಮ ಆಫೀಸಿನ ಅರ್ಧ ಜನಕ್ಕೆ ಗೊತ್ತಿಲ್ಲ. ಬೆಳಿಗ್ಗೆ ಏಳಕ್ಕೆ ಬೂದು ನೀರಿನ ಮೇಲೆ ಬೂದು ಹಕ್ಕಿಗಳು ಕೂತಿದ್ದವು. ಯಾರೋ ಕಟ್ಟೆ ಕಟ್ಟಿದ್ದಕ್ಕೆ ಇಷ್ಟು ಜೀವ.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ ನೋಡಿದೆವು. ಹಿಂದೂ-ಮುಸ್ಲಿಂ ಎರಡೂ ಕಡೆಯವರು ನಡೆದುಕೊಳ್ಳುವ ಮಠ. ಇಲ್ಲೊಂದು ತಮಾಷೆ ಹೇಳಬೇಕು. 1948ರವರೆಗೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು, ಗದಗ ಮುಂಬಯಿ ಪ್ರಾಂತ್ಯದ್ದು. ನಾವು ಒಂದು ಬೆಳಿಗ್ಗೆ ದಾಟಿದ ದಾರಿಯಲ್ಲಿ ಮೂರು ಸರಕಾರ! ಸರಕಾರ ಯಾವುದಾದರೂ ಊರಿನವರು ಇಳಿದದ್ದು ಅದೇ ಬಾವಿಗೆ.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಹೆಸರಿನಲ್ಲೇ ಕೆರೆ ಇದೆ. ಪಂಪ 941ರಲ್ಲಿ ಬರೆದ ವಿಕ್ರಮಾರ್ಜುನ ವಿಜಯದಲ್ಲಿ ತನ್ನ ಭಾಷೆಗೆ ಮಾದರಿ ಅಂತ ಹೇಳಿಕೊಂಡದ್ದು ಈ ಊರಿನ ಕನ್ನಡವನ್ನೇ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಇಲ್ಲಿಗೆ ಸೋಮನಾಥನನ್ನು ತಂದ ಅನ್ನುವುದು ಪ್ರಸಿದ್ಧ ಕಥೆ, ರಾಘವಾಂಕನ ಸೋಮನಾಥ ಚಾರಿತ್ರ ಇದರದ್ದೇ. ಎತ್ತರದ ಕಲ್ಲಿನ ಗೋಡೆಯೊಳಗಿನ ಸೋಮೇಶ್ವರ ದೇವಾಲಯದ ಆವರಣದಲ್ಲೂ ಒಂದು ಬಾವಿ ಇದೆ.

ಆದರೆ ನನ್ನ ಮಟ್ಟಿಗೆ ಈ ಊರಿನ ದೊಡ್ಡ ಆಸ್ತಿ ಸುಮಾರು 725ರ ಒಂದು ಕನ್ನಡ ಶಾಸನ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ (ಮುಂದೆ ಇಮ್ಮಡಿ ವಿಕ್ರಮಾದಿತ್ಯ ಆದವನು) ಪೊರಿಗೆರೆಯ ಮಹಾಜನರು, ನಗರದವರು, ಹದಿನೆಂಟು ಪ್ರಕೃತಿಗಳ ಜೊತೆ ಮಾಡಿಕೊಂಡ ಒಪ್ಪಂದ ಅದು. ಪ್ರಕೃತಿ ಅಂದರೆ ಊರಿನ ಎಲ್ಲ ಕಸುಬಿನ ಜನ. ರಾಜನ ಅಧಿಕಾರಿಗಳು ಏನೇನು ಕಾಪಾಡಬೇಕು, ಊರವರು ಏನೇನು ಕೊಡಬೇಕು ಅಂತ ಎರಡೂ ಕಡೆಯ ಹೊಣೆ ಅದರಲ್ಲಿದೆ. ತೆರಿಗೆ ಎಲ್ಲರಿಗೂ ಒಂದೇ ಅಲ್ಲ, ಉಳ್ಳವರ ಮನೆಗೆ ಹೆಚ್ಚು, ಇಲ್ಲದವರ ಮನೆಗೆ ಕಡಿಮೆ. 1300 ವರ್ಷ ಹಿಂದೆ! ನಮ್ಮ ಕೆಲಸದಲ್ಲಿ ಗ್ರಾಹಕರ ಜೊತೆ ಒಪ್ಪಂದ ಬರೆಯುವಾಗ ನಮ್ಮ ಹೊಣೆ ಏನು, ಅವರ ಹೊಣೆ ಏನು ಅಂತ ಎರಡು ಪಟ್ಟಿ ಇರುತ್ತವೆ. ಆ ಕಲ್ಲಿನಲ್ಲಿ ಇರುವುದೂ ಬಹುಮಟ್ಟಿಗೆ ಅಂಥದ್ದೇ.

ಇಲ್ಲಿಗೆ ಬಂದಾಗ ನನಗೆ ಮೊದಲಿನ ಪ್ರಶ್ನೆಗೆ ಉತ್ತರದ ಒಂದು ತುದಿ ಸಿಕ್ಕಿತು. ಮಳೆ ಹೆಚ್ಚಿರುವ ಕಡೆ ಮನೆ ಮನೆಗೆ ಒಂದು ಬಾವಿ ತೋಡಿಕೊಂಡು ಒಬ್ಬೊಬ್ಬರೇ ಬದುಕಬಹುದು, ಕುಂದಾಪುರದ ಕಡೆಯ ಹಾಗೆ. ಮಳೆ ಕಡಿಮೆ ಇರುವ ಕಡೆ ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಕೆರೆಗೆ ಕಟ್ಟೆ ಬೇಕು, ಹೂಳು ತೆಗೆಯಬೇಕು, ಮೆಟ್ಟಿಲು ಕುಸಿದರೆ ಕಟ್ಟಬೇಕು, ಯಾರು ಎಷ್ಟು ಕೊಡಬೇಕು ಅಂತ ತೀರ್ಮಾನ ಆಗಬೇಕು. ಒಣ ನೆಲ ಜನರನ್ನು ಮಾತುಕತೆಗೆ ಕೂರಿಸಿತು, ಮಾತುಕತೆ ಕಲ್ಲಿಗೆ ಇಳಿಯಿತು. ಶಾಸನಗಳನ್ನು ನಾವು ರಾಜರ ಹೊಗಳಿಕೆ ಅಂತ ಓದಿ ಮುಚ್ಚಿಡುತ್ತೇವೆ. ಹೊಗಳಿಕೆ ಮುಗಿದ ಮೇಲೆ ಬರುವ ಸಾಲುಗಳೇ ಊರಿನ ಕಥೆ.

ಒಪ್ಪಂದ ಮುರಿದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ನಿಂತಾಗ ಇಲ್ಲಿಯ ಧಾರವಾಡ-ಅಮೆರಿಕನ್ ಹತ್ತಿಗೆ ಬಂಗಾರದ ಬೆಲೆ ಬಂತು, ಯುದ್ಧ ಮುಗಿದ ಮೇಲೆ ಬೆಲೆ ಬಿತ್ತು. ಕಂದಾಯ ಮಾತ್ರ ನಗದಿನಲ್ಲೇ ಕಟ್ಟಬೇಕು. ಅದರ ಹಿಂದೆಯೇ 1876-78ರ ಮಹಾಕ್ಷಾಮ. ರೈತ ಒಬ್ಬೊಬ್ಬನೇ ಸಾವುಕಾರನ ಮುಂದೆ ನಿಂತ. ಆ ಸಾಲದ ಕಥೆಗೆ ಗದಗಿನ ಪಕ್ಕದ ಕಣಗಿನಹಾಳ ಒಂದು ಉತ್ತರ ಹುಡುಕಿತು. 1904ರಲ್ಲಿ ಸಹಕಾರ ಕಾಯ್ದೆ ಬಂತು, 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ಪುಲಿಗೆರೆಯ ಕಲ್ಲಿಗೂ ಕಣಗಿನಹಾಳದ ಕಾಗದಕ್ಕೂ ನಡುವೆ 1180 ವರ್ಷ, ದಾರಿ 50 ಕಿಲೋಮೀಟರೂ ಇಲ್ಲ. ಸೇರಿ ಬರೆದಿಟ್ಟುಕೊಳ್ಳುವ ಚಟ ಈ ನೆಲದ್ದೇ ಇರಬೇಕು ಅಂತ ನನಗಂತೂ ಅನ್ನಿಸಿತು.

ಆಮೇಲೆ ನೀರು ಕೊಡುವುದು ಸರಕಾರದ ಕೆಲಸವಾಯಿತು, ಪಡೆಯುವುದು ನಮ್ಮ ಹೋರಾಟವಾಯಿತು. 1980ರ ಜುಲೈ 21ರಂದು ನರಗುಂದದಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. 2015ರಿಂದ ಅದೇ ನರಗುಂದ ಮಹದಾಯಿ ನೀರಿಗಾಗಿ ಧರಣಿ ಕೂತಿತು. ಇವು ನ್ಯಾಯವಾದ ಹೋರಾಟಗಳು, ಅನುಮಾನವೇ ಇಲ್ಲ. ಆದರೆ ದೂರದ ನದಿಗೆ ಕಾಯುತ್ತಾ ಕಾಲಬುಡದ ಕೆರೆಯ ಹೂಳು ಯಾರದ್ದೂ ಅಲ್ಲದ್ದಾಗಿದೆ. ಉಳಿದದ್ದಕ್ಕೆ ಬೋರ್‌ವೆಲ್. ಒಬ್ಬನ ಹೊಲ, ಒಬ್ಬನ ಸಾಲ, ಒಬ್ಬನ ಮೋಟರ್.

ಮೂರನೇ ದಿನ ಬೆಳಿಗ್ಗೆ ದೊಡ್ಡಪ್ಪ ನಮ್ಮನ್ನು ಹೊಲಕ್ಕೆ ಕರೆದುಕೊಂಡು ಹೋದ. ನಾನು ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಒಂದು ಎಕರೆ ಅಂದರೆ 4,047 ಚದರ ಮೀಟರ್. 600 ಮಿ.ಮೀ. ಮಳೆ ಬಿದ್ದರೆ ಒಂದು ಎಕರೆ ಮೇಲೆ ವರ್ಷಕ್ಕೆ 24 ಲಕ್ಷ ಲೀಟರ್ ನೀರು. 6,000 ಲೀಟರಿನ ಟ್ಯಾಂಕರ್ ಆದರೆ ಸುಮಾರು 400 ಟ್ಯಾಂಕರ್. ಒಂದು ಎಕರೆಗೆ! ಅದರಲ್ಲಿ ಹೆಚ್ಚು ಪಾಲು ಮಣ್ಣಿಗೆ, ಬಿಸಿಲಿಗೆ ಹೋಗುತ್ತದೆ ನಿಜ. ಹತ್ತರಲ್ಲಿ ಒಂದು ಪಾಲು ಹೊಂಡಕ್ಕೆ ಬಂದರೂ ಹತ್ತು ಎಕರೆಯಿಂದ 24 ಲಕ್ಷ ಲೀಟರ್. ದೊಡ್ಡಪ್ಪನ ಹೊಲ ಆರು ಎಕರೆ, ಆಚೆಯವರದ್ದು ಐದು. ಒಬ್ಬರದ್ದೇ ಆದರೆ ಲೆಕ್ಕ ಸಾಲದು, ಇಬ್ಬರದ್ದೂ ಸೇರಿದರೆ ಸಾಕು. ನೀರು ಇಳಿಯುವ ತಗ್ಗು ಇರುವುದೂ ಆ ಜಗಳದ ಬದುವಿನ ಮೇಲೇ :-)

ಅಣ್ಣ ಪೂರ್ತಿ ಒಪ್ಪಿಲ್ಲ. ಆದರೆ ಅವತ್ತು ಮಧ್ಯಾಹ್ನ ಆಚೆ ಹೊಲದ ಕಾಕಾ ನಮ್ಮ ಮನೆ ಕಟ್ಟೆಗೆ ಬಂದು ಚಹಾ ಕುಡಿದದ್ದು ಹೌದು. ನಾಲ್ಕು ವರ್ಷದಿಂದ ಬಂದಿರಲಿಲ್ಲವಂತೆ. "ನೀ ಕಂಪ್ಯೂಟರ್ ಓದಿದಾಂವ, ಯಾರ್ ಏನ್ ಮಾಡ್ಬೇಕು ಅಂತ ಒಂದ್ ಕಾಗದ ಬರದ್ ಕೊಡು, ಆಮ್ಯಾಲೆ ತಕರಾರ ಬ್ಯಾಡ" ಅಂದರು ಇಬ್ಬರೂ. ಬರೆದೆ. ಹೊಂಡ ತೋಡುವ ಖರ್ಚು ಎಕರೆಯ ಲೆಕ್ಕದಲ್ಲಿ. ಮೋಟರ್ ಆರು ತಾಸು ಇವರಿಗೆ, ಐದು ತಾಸು ಅವರಿಗೆ. ಹೂಳು ಪ್ರತಿ ಬೇಸಿಗೆಯಲ್ಲಿ ಇಬ್ಬರೂ ಸೇರಿ ತೆಗೆಯುವುದು, ಮಣ್ಣು ಇಬ್ಬರ ಹೊಲಕ್ಕೂ ಸಮ. ದನ ಯಾರದ್ದೇ ಇರಲಿ, ನೀರು ಕುಡಿಯಲು ಅಡ್ಡಿ ಇಲ್ಲ. ಈ ಕೊನೆಯದನ್ನು ಸೇರಿಸಿದ್ದು ದೊಡ್ಡವ್ವ. ಒಟ್ಟು ಏಳು ಸಾಲು. ಸಹಿ ಇನ್ನೂ ಆಗಿಲ್ಲ, ಕಾಗದ ದೇವರ ಜಗುಲಿಯ ಮೇಲಿದೆ. ಯುಗಾದಿ ಮುಗಿದ ಮೇಲೆ ನೋಡೋಣ ಅಂದಿದ್ದಾರೆ.

ನೀವು ಆ ಕಡೆ ಹೋಗುವುದಿದ್ದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಮಾಗಡಿಗೆ ಬೆಳಗಿನ ಜಾವ, ಲಕ್ಕುಂಡಿಗೆ ಬಿಸಿಲು ಇಳಿದ ಮೇಲೆ. ಗುಡಿ ನೋಡಿ ಆದ ಮೇಲೆ ಪಕ್ಕದ ಬಾವಿಗೂ ಒಂದು ಸಲ ಇಳಿಯಿರಿ. ಹಾಗೇ, ನಿಮ್ಮ ಊರಿನ ಕೆರೆಯ ಹೂಳನ್ನು ಕೊನೆಯ ಸಲ ತೆಗೆದದ್ದು ಯಾವಾಗ, ಯಾರು ಸೇರಿ ತೆಗೆದರು ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ. ಉತ್ತರ ಸಿಕ್ಕರೆ ನೀವೂ ಬರೆಯಿರಿ, ಓದಲು ನಾನಂತೂ ಕಾಯುತ್ತಿರುತ್ತೇನೆ.